ದಾರ ಪೋಣಿಸಿದ ಹತ್ತು ಸೂಜಿ

ಹೋದ ವಾರ ಭಾಗ್ಯ ಫೋನ್ ಮಾಡಿದ್ದಳು. ನಾನು ಬಿಟ್ಟುಬಂದ ಕುರ್ಚಿಯಲ್ಲಿ ಈಗ ಕೂರುವವಳು ಅವಳೇ, ತಮಿಳುನಾಡಿನ ಘಟ್ಟದ ಮೇಲಿರುವ ತಾಳವಾಡಿಯ ನಮ್ಮ ಬೊಂತೆ ಕೇಂದ್ರದ ಮೇಲ್ವಿಚಾರಕಿ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ತುಂಡು ಬಟ್ಟೆಗಳನ್ನು ಜೋಡಿಸಿ, ಕೈಯಲ್ಲೇ ಹೊಲಿಯುವ ಹೊದಿಕೆಯನ್ನು ನಮ್ಮ ಕಡೆ ಬೊಂತೆ ಎನ್ನುತ್ತೇವೆ. ಬೇರೆ ಕಡೆಯವರು ಕೌದಿ ಎನ್ನುತ್ತಾರೆ. ವರ್ಷಕ್ಕೊಂದು ದಿನ ಹೊಲಿಯುವ ಹೆಂಗಸರೆಲ್ಲ ಒಬ್ಬರಿಗೊಬ್ಬರು ಸಣ್ಣದೊಂದು ಉಡುಗೊರೆ ಕೊಡುವುದು ಕೇಂದ್ರದ ರೂಢಿ. ಭಾಗ್ಯ ಅದನ್ನೇ ಕೇಳಿದಳು. ಏನು ಕೊಡುವುದೆಂದು ಯಾರಿಗೂ ತೋಚುತ್ತಿಲ್ಲವಂತೆ. ಫ್ಯಾನ್ಸಿ ಸ್ಟೋರಿನಲ್ಲಿ ಒಂದೇ ಥರದ ಪ್ಲಾಸ್ಟಿಕ್ ಡಬ್ಬಿಗಳು ಸಿಗುತ್ತವೆ, ಎಲ್ಲರಿಗೂ ಒಂದೊಂದು ತಂದುಬಿಟ್ಟರೆ ತಕರಾರೇ ಇರುವುದಿಲ್ಲ, ಆಗಬಹುದಾ ಟೀಚರ್ ಎಂದಳು.

ನನಗೆ ಸಿಟ್ಟು ಬೇಗ ಬರುತ್ತದೆ. ನನ್ನ ಕೈಕೆಳಗೆ ಹೊಲಿದವರಿಗೆಲ್ಲ ಅದು ಗೊತ್ತು. ಆಗಬಾರದು ಎಂದು ಹೇಳಿ ಫೋನ್ ಇಟ್ಟುಬಿಟ್ಟೆ. ಆಮೇಲೆ ಪಾಪ ಅನ್ನಿಸಿತು. ಅವಳಿಗೆ ಹೇಗೆ ಗೊತ್ತಾಗಬೇಕು? ಆ ಉಡುಗೊರೆಗಳಿಂದ ಒಮ್ಮೆ ಕೇಂದ್ರವೇ ಮುಚ್ಚುವುದರಲ್ಲಿತ್ತು, ಆ ಉಡುಗೊರೆಗಳಿಂದಲೇ ಉಳಿಯಿತು ಎಂಬುದನ್ನು ನಾನು ಯಾವತ್ತೂ ಕುಳಿತು ಹೇಳಿದವಳಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಭಾಗ್ಯನಿಗೂ ಅವಳ ಜೊತೆ ಹೊಸದಾಗಿ ಸೂಜಿ ಹಿಡಿದಿರುವ ಹುಡುಗಿಯರಿಗೂ.

ನಾನು ಹಾಸನೂರಿನವಳು. ಹೊಲಿಗೆಯಲ್ಲಿ ಡಿಪ್ಲೊಮಾ ಮಾಡಿಕೊಂಡು, ಯಂತ್ರ ತುಳಿಯುವುದರಲ್ಲಿ ನನ್ನ ಸಮಾನ ಯಾರೂ ಇಲ್ಲ ಎಂಬ ಹಮ್ಮಿನಲ್ಲಿ ಕೇಂದ್ರಕ್ಕೆ ಬಂದವಳು. ತಗಡಿನ ಮಾಡಿನ ಬಾಡಿಗೆ ಮನೆ, ನೆಲದ ತುಂಬ ಚಾಪೆ, ಚಾಪೆಯ ಮೇಲೆ ಹದಿನೆಂಟು ಹೆಂಗಸರು. ಕೈಯಲ್ಲಿ ಬೊಂತೆ ಹೊಲಿಯುವುದು ನನಗೆ ಬರುತ್ತಿರಲಿಲ್ಲ. ಬರುವುದಿಲ್ಲವೆಂದು ಹೇಳಿಕೊಳ್ಳುವ ಬುದ್ಧಿಯೂ ಇರಲಿಲ್ಲ. ಮೊದಲನೇ ದಿನ ಎಲ್ಲರ ಮುಂದೆ ಕುಳಿತು ಒಂದು ಅಂಚು ಗಂಭೀರವಾಗಿ ಹೊಲಿದು ತೋರಿಸಿದೆ. ಮುಗಿಸಿ ಎದ್ದರೆ ಬೊಂತೆಯೂ ನನ್ನ ಜೊತೆ ಎದ್ದಿತು. ನನ್ನ ಸೆರಗನ್ನೇ ಸೇರಿಸಿ ಹೊಲಿದಿದ್ದೆ. ಹದಿನೆಂಟು ಜನ ನಕ್ಕ ನಗುವಿಗೆ ತಗಡು ಹಾರಿಹೋಗಬೇಕಿತ್ತು.

ಮಾರನೆಯ ಬೆಳಿಗ್ಗೆ ನನ್ನ ಚಾಪೆಯ ಮೇಲೆ ಒಂದು ಗುಂಡುಕಲ್ಲು ಇತ್ತು. ಹಳ್ಳದ ನುಣುಪು ಕಲ್ಲಿಗೆ ಹೂವಿನ ಚೀಟಿ ಬಟ್ಟೆ ಸುತ್ತಿ ನೀಟಾಗಿ ಹೊಲಿದಿದ್ದರು. ಎದುರಿಗೆ ಕುಳಿತಿದ್ದ ಚಿಕ್ಕತಾಯಿ ಎಂಬಾಕೆ ತಲೆ ಎತ್ತದೆಯೇ, ಸೆರಗಿನ ಮೇಲೆ ಇಟ್ಟುಕೊಳ್ಳಿ ಅಂದಳು. ಬಟ್ಟೆ ಜಾರದ ಹಾಗೆ, ಮೂಲೆ ಮಡಚಿಕೊಳ್ಳದ ಹಾಗೆ ಅಂಥ ನಾಲ್ಕು ಕಲ್ಲು ಎಲ್ಲರ ಹತ್ತಿರವೂ ಇರುತ್ತಿದ್ದವು. ನನಗೆ ಬಂದ ಮೊದಲ ಉಡುಗೊರೆ ಅದು, ಇವತ್ತಿಗೂ ನನ್ನ ಹತ್ತಿರ ಇದೆ. ಭಾಗ್ಯ, ಬರೆದುಕೋ, ಇದು ಒಂದು.

ಚಿಕ್ಕತಾಯಿ ಗೆಟ್ಟವಾಡಿಯವಳು, ಕೂಲಿ ಮನೆಯವಳು. ಬೊಂತೆ ಕೆಲಸ ಇಲ್ಲದ ತಿಂಗಳುಗಳಲ್ಲಿ ಕಬ್ಬು ಕಡಿಯಲು ಘಟ್ಟ ಇಳಿಯಬೇಕಾಗುತ್ತಿತ್ತು. ಅವಳ ಜೋಡಿ ಅದೇ ಊರಿನ ದೇವೀರಮ್ಮ. ಸ್ವಂತ ಹೊಲ, ಎರಡು ಹಸು, ದೊಡ್ಡ ಗಂಟಲು. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಒಂದೇ ಬೊಂತೆಗೆ ಕೂರುತ್ತಿದ್ದರು. ದೊಡ್ಡ ಬೊಂತೆಯೆಂದರೆ ನಾಲ್ಕು ಕಡೆಗೂ ಒಬ್ಬೊಬ್ಬರು ಕುಳಿತು, ತಮ್ಮ ಅಂಚಿನಿಂದ ಶುರುಮಾಡಿ ಸಾಲು ಸಾಲಾಗಿ ಒಳಕ್ಕೆ ಹೊಲಿಯುತ್ತ ಬರಬೇಕು, ನಾಲ್ಕೂ ಹೊಲಿಗೆ ನಡುವಿನಲ್ಲಿ ಸೇರಬೇಕು. ಒಬ್ಬಳ ಕೈ ಬಿಗಿ, ಇನ್ನೊಬ್ಬಳ ಕೈ ಸಡಿಲ ಆಯಿತೆಂದರೆ ಕೆಲಸ ಕೆಟ್ಟ ಹಾಗೆಯೇ. ಹೆಚ್ಚಾದ ಬಟ್ಟೆಯೆಲ್ಲ ನಡುವಿಗೆ ಬಂದು ತಲೆಗೆ ಪೆಟ್ಟು ಬಿದ್ದ ಹಾಗೆ ಬುಗುಟು ಏಳುತ್ತದೆ. ಈ ಇಬ್ಬರ ಬೊಂತೆಯಲ್ಲಿ ಬುಗುಟು ಎದ್ದದ್ದನ್ನು ಯಾರೂ ಕಂಡಿರಲಿಲ್ಲ.

ನಮ್ಮ ಮೇಲಿದ್ದವರು ಸೂಪರಿಂಟೆಂಡೆಂಟ್ ಸಾರ್. ಕೆಳಗಿನ ಬಯಲು ಸೀಮೆಯ ತಮಿಳರು. ಜೇಬಿನಲ್ಲಿ ಅರ್ಧ ಅಡಿ ಸ್ಕೇಲು ಇಟ್ಟುಕೊಂಡೇ ಬರುತ್ತಿದ್ದರು. ಅಂಗುಲಕ್ಕೆ ಎಷ್ಟು ಹೊಲಿಗೆ ಎಂದು ಕೂತು ಎಣಿಸುತ್ತಿದ್ದರು. ಹೊಲಿಗೆ ಎಷ್ಟೇ ಚೆನ್ನಾಗಿರಲಿ, ಅವರ ಬಾಯಿಂದ ಬರುತ್ತಿದ್ದ ದೊಡ್ಡ ಹೊಗಳಿಕೆ ‘ಪರವಾಯಿಲ್ಲೆ’. ಪರವಾಗಿಲ್ಲ ಅನ್ನುವುದಕ್ಕಿಂತ ಮೇಲಕ್ಕೆ ಅವರು ಏರಿದವರೇ ಅಲ್ಲ. ನಾನೂ ಅವರನ್ನು ನೋಡಿ ಒಂದು ಸ್ಕೇಲು ಕೊಂಡೆ. ಹೊಲಿಗೆ ಎಣಿಸುವುದನ್ನು ಕಲಿತೆ, ಹೊಲಿಯುವ ಕೈಗಳನ್ನು ನೋಡುವುದನ್ನು ಕಲಿಯಲಿಲ್ಲ. ಆ ತಪ್ಪಿಗೆ ಆಮೇಲೆ ದಂಡ ತೆತ್ತೆ.

ಕೊಯಮತ್ತೂರಿನಲ್ಲಿ ಒಂದು ತರಬೇತಿಗೆ ಹೋಗಿದ್ದಾಗ ಅಲ್ಲಿನ ಹೊಲಿಗೆಯವರು ಕೊನೆಯ ದಿನ ಒಬ್ಬರಿಗೊಬ್ಬರು ಸಣ್ಣ ಸಾಮಾನು ಕೊಟ್ಟುಕೊಂಡದ್ದು ನನಗೆ ಬಹಳ ಹಿಡಿಸಿತು. ಬಂದವಳೇ ನಮ್ಮಲ್ಲೂ ಮಾಡೋಣ ಎಂದೆ. ಗೊತ್ತು ಮಾಡಿದ ದಿನ ಎಲ್ಲರೂ ಸುತ್ತ ಕುಳಿತರು. ದೇವೀರಮ್ಮ ಚಿಕ್ಕತಾಯಿಗೆಂದು ಒಂದು ಪೊಟ್ಟಣ ಸೂಜಿ ತಂದಿದ್ದಳು. ಅದನ್ನು ಅವಳ ಕೈಗೆ ಕೊಡದೆ ಚಾಪೆಯ ಮೇಲಿಟ್ಟು ಮುಂದಕ್ಕೆ ತಳ್ಳಿದಳು.

ಸೂಜಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ, ಕೆಳಗಿಟ್ಟು ಕೊಡಬೇಕು ಎಂಬ ನಂಬಿಕೆ ನಮ್ಮ ಮನೆಯಲ್ಲೂ ಇತ್ತು. ಆದರೆ ಆ ಕ್ಷಣ ನನ್ನ ಕಣ್ಣಿಗೆ ಕಂಡದ್ದು ಬೇರೆ. ಹೊಲದ ಮನೆಯವಳು ಕೂಲಿ ಮನೆಯವಳ ಕೈ ಮುಟ್ಟಬಾರದೆಂದು ಹೀಗೆ ಮಾಡಿದಳು, ನಂಬಿಕೆಯೆಲ್ಲ ಬರೀ ನೆಪ ಎಂದುಕೊಂಡೆ. ಸಿಟ್ಟು ನೆತ್ತಿಗೇರಿತು. ಕಾಲು ಗಂಟೆ ಭಾಷಣ ಬಿಗಿದೆ. ಪೊಟ್ಟಣ ಎತ್ತಿಸಿ, ದೇವೀರಮ್ಮನ ಕೈಯಿಂದ ಚಿಕ್ಕತಾಯಿಯ ಕೈಗೆ ಕೊಡಿಸಿದೆ. ಅಷ್ಟಕ್ಕೇ ಬಿಡದೆ ಎಲ್ಲರ ಹತ್ತಿರವೂ ಚಪ್ಪಾಳೆ ತಟ್ಟಿಸಿದೆ. ಇಬ್ಬರ ಮುಖವೂ ಸಣ್ಣಗಾಗಿತ್ತು. ದೊಡ್ಡದೊಂದು ಕೆಲಸ ಮಾಡಿದೆನೆಂದು ಬೀಗುತ್ತ ನಾನು ಊಟಕ್ಕೆ ಹೋದೆ.

ಒಂದು ವಾರ ಕಳೆದಿರಲಿಲ್ಲ. ದೇವೀರಮ್ಮನ ಹಸು ಚಿಕ್ಕತಾಯಿಯ ಹಿತ್ತಿಲಿಗೆ ನುಗ್ಗಿ, ಹೂ ಬಿಟ್ಟಿದ್ದ ಅವರೆ ಗಿಡವನ್ನೆಲ್ಲ ಮೇಯ್ದುಹಾಕಿತು. ಚಿಕ್ಕತಾಯಿ ಹಸುವನ್ನು ಹಿಡಿದು ತನ್ನ ಮನೆ ಮುಂದೆಯೇ ಕಟ್ಟಿಹಾಕಿದಳು. ದೇವೀರಮ್ಮ ಬೀದಿಯಲ್ಲಿ ನಿಂತು ಕೂಗಾಡಿದಳು. ಅವಳ ಗಂಟಲು ಎಂಥದೆಂದು ಆಗಲೇ ಹೇಳಿದ್ದೇನೆ. ಅಲ್ಲಿಗೆ ಇಬ್ಬರ ಮಾತೂ ಬಂದ್ ಆಯಿತು. ಬಸ್ಸಿನಲ್ಲಿ ಒಬ್ಬಳು ಮುಂದೆ, ಒಬ್ಬಳು ಹಿಂದೆ. ಕೇಂದ್ರದಲ್ಲಿ ಹಸುವನ್ನು ಯಾರೂ ಬೈಯಲಿಲ್ಲ, ಅವರೆ ಗಿಡಕ್ಕೂ ಮರುಗಲಿಲ್ಲ. ಸೂಜಿ ಕೈಗೆ ಕೊಡಿಸಿದ್ದು ಯಾರು ಎಂದು ಮಾತ್ರ ಎಲ್ಲರೂ ನನ್ನ ಕಡೆ ನೋಡಿದರು.

ದೊಡ್ಡ ಆರ್ಡರ್ ಬಂದದ್ದು ಅದೇ ಹೊತ್ತಿಗೆ. ಈ ಇಬ್ಬರು ಹೊಲಿದಿದ್ದ ಬೊಂತೆಯನ್ನು ಎಲ್ಲೋ ನೋಡಿದ್ದ ಒಬ್ಬ ವ್ಯಾಪಾರಿ ಹೆಂಗಸು, ಅದೇ ಕೈಹೊಲಿಗೆಯ ದೊಡ್ಡ ಬೊಂತೆಯೊಂದನ್ನು ಮಾಡಿಡಿ, ಹತ್ತು ದಿನಕ್ಕೆ ಬಂದು ನೋಡುತ್ತೇನೆ ಎಂದು ಹೇಳಿಕಳಿಸಿದ್ದರು. ಒಪ್ಪಿದರೆ ವರ್ಷವಿಡೀ ಕೆಲಸ. ಸೂಪರಿಂಟೆಂಡೆಂಟ್ ಸಾರ್ ಸುತ್ತುಬಳಸಿ ಮಾತಾಡುವವರಲ್ಲ. ಇದು ಕೈತಪ್ಪಿದರೆ ಕೇಂದ್ರ ನಡೆಸುವುದಕ್ಕೆ ಕಾರಣವೇ ಇಲ್ಲ, ಸತ್ಯಮಂಗಲಕ್ಕೆ ಸಾಗಿಸಿ ಬೀಗ ಹಾಕುತ್ತೇವೆ ಎಂದರು. ಘಟ್ಟದ ಕೆಳಗಿನ ಕೇಂದ್ರಕ್ಕೆ ನಮ್ಮ ಹೆಂಗಸರಲ್ಲಿ ಒಬ್ಬರೂ ಹೋಗಿಬರಲಾರರು. ಹದಿನೆಂಟು ಮನೆಯ ಕೆಲಸ ಒಂದು ಬೊಂತೆಯ ಮೇಲೆ ನಿಂತಿತು. ಅದನ್ನು ಹೊಲಿಯಬೇಕಾದವರು ಮುಖ ನೋಡದ ಆ ಇಬ್ಬರೇ.

ಕೆಲಸಕ್ಕೆ ಅವರು ಇಲ್ಲ ಎನ್ನಲಿಲ್ಲ. ಎದುರುಬದುರು ಕುಳಿತರು, ಉಳಿದ ಎರಡು ಬದಿಗೆ ಬೇರೆ ಇಬ್ಬರು. ಮೂರನೇ ದಿನ ನಡುವಿನಲ್ಲಿ ಬುಗುಟು ಎದ್ದಿತು. ಬಿಚ್ಚಿ ಮತ್ತೆ ಹೊಲಿಸಿದೆ, ಮತ್ತೆ ಎದ್ದಿತು. ದೇವೀರಮ್ಮನ ಕಡೆ ದಾರ ಬಿಗಿದು ಬಟ್ಟೆ ನಿರಿಗೆಗಟ್ಟಿತ್ತು, ಚಿಕ್ಕತಾಯಿಯ ಕಡೆ ಹೊಲಿಗೆ ಜೋತುಬಿದ್ದಿತ್ತು. ಇಬ್ಬರೂ ಹಟಕ್ಕೆ ಮಾಡುತ್ತಿದ್ದಾರೆ ಎಂದು ನಾನು ರೇಗಿದೆ. ಸಾರ್ ಬಂದರು, ಸ್ಕೇಲು ತೆಗೆಯಲಿಲ್ಲ. ಕೈಯಲ್ಲಿದ್ದ ಟೀ ಲೋಟವನ್ನು ಬೊಂತೆಯ ನಡುವಿಗೆ ಇಟ್ಟು ಬಿಟ್ಟರು. ಅದು ವಾಲಿ ಉರುಳಿತು. ಹಳದಿ ತುಂಡಿನ ಮೇಲೆ ಟೀ ಹರಡಿಕೊಂಡಿತು. ಅವರು ಹೊರಗೆ ಹೋದರು. ಇನ್ನು ಐದು ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಗೆಟ್ಟವಾಡಿಗೆ ಹೋಗಿ ಚಿಕ್ಕತಾಯಿಯ ಮನೆ ಬಾಗಿಲಲ್ಲಿ ನಿಂತೆ. ನಿನಗೆ ಅವಮಾನವಾಗಬಾರದೆಂದು ಹಾಗೆ ಮಾಡಿದೆ, ಕೆಟ್ಟದ್ದಾಗಿಹೋಯಿತು, ತಪ್ಪು ನನ್ನದು ಎಂದೆ. ಅವಳು ಅಂಗಳ ಗುಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

“ಅವ್ಳು ಕೆಳಗಿಟ್ ಕೊಟ್ಟಿದ್ದ ನೋಡುದ್ರಿ ಟೀಚರಮ್ಮ. ನಾ ಅವ್ಳ್ಗೆ ದಿನಾ ಅಂಗೇ ಕೆಳಗಿಟ್ ಕೊಡ್ತಿದ್ದೆ, ಅದ ನೋಡ್ನಿಲ್ಲ. ಜಗಳ ಬ್ಯಾಡ ಅಂತಲೇ ಇಬ್ರೂ ಅಂಗ್ ಮಾಡ್ತಿದ್ದದ್ದು.”

ಅವಳು ದಿನಾ ಯಾಕೆ ದೇವೀರಮ್ಮನಿಗೆ ಸೂಜಿ ಕೊಡುತ್ತಿದ್ದಳು ಎಂದು ಕೇಳುವುದೂ ಆಗ ನನಗೆ ಹೊಳೆಯಲಿಲ್ಲ. ದೇವೀರಮ್ಮನ ಮನೆಗೂ ಹೋಗಿ ಕ್ಷಮೆ ಕೇಳಿದೆ. ಅವಳು ಕಾಫಿ ಕೊಟ್ಟಳು, ಮಾತು ಕೊಡಲಿಲ್ಲ.

ವಾಪಸು ಬರುತ್ತ ಬಸ್ಸಿನಲ್ಲಿ ಒಂದು ನಿರ್ಧಾರಕ್ಕೆ ಬಂದೆ. ಎಲ್ಲಿ ಕೆಡಿಸಿದೆನೋ ಅಲ್ಲೇ ಸರಿಮಾಡಬೇಕು. ನಾಳೆ ಮತ್ತೆ ಉಡುಗೊರೆ ದಿನ ಎಂದು ಸಾರಿದೆ. ನೇಮ ಮೂರು. ಅಂಗಡಿಯಿಂದ ಕೊಂಡದ್ದು ಆಗದು, ಚಿಂದಿಯಲ್ಲಿ ಕೈಯಾರೆ ಮಾಡಿರಬೇಕು. ತೆಗೆದುಕೊಳ್ಳುವವಳ ಕೆಲಸಕ್ಕೆ ಅದು ಒದಗಬೇಕು. ಯಾವುದನ್ನೂ ಕೈಗೆ ಕೊಡುವ ಹಾಗಿಲ್ಲ, ಕೆಳಗಿಡಬೇಕು. ಯಾರು ಯಾರಿಗೆ ಎಂದು ನಾನೇ ಹೇಳಿದೆ. ದೇವೀರಮ್ಮ ಚಿಕ್ಕತಾಯಿಗೆ, ಚಿಕ್ಕತಾಯಿ ದೇವೀರಮ್ಮನಿಗೆ. ಸಾರ್‌ಗೆ ಗೊತ್ತಾದರೆ ಐದರಲ್ಲಿ ಒಂದು ದಿನ ಆಟಕ್ಕೆ ಕಳೆದೆ ಎಂದು ಬೈಯುತ್ತಿದ್ದರು. ಗೊತ್ತಾಗಲು ಬಿಡಲಿಲ್ಲ.

ಮಾರನೆಯ ದಿನ ಚಾಪೆಯ ಮೇಲೆ ಬಂದು ಬಿದ್ದವು ನೋಡಿ, ಒಂದಕ್ಕಿಂತ ಒಂದು. ಹರಿದ ರವಿಕೆಯ ತೋಳಿಗೆ ಮರದ ಹೊಟ್ಟು ತುಂಬಿದ ಸೂಜಿದಿಂಬು. ದಾರ ಸಿಕ್ಕಾಗದ ಹಾಗೆ ಎಳೆಯಲು ಚಿಂದಿ ತುಂಡಿನ ಮೇಲೆ ಒತ್ತಿದ ಜೇನುಮೇಣದ ಬಿಲ್ಲೆ. ಎಲೆಯಡಿಕೆ ಸಂಚಿಯ ಮಾದರಿಯಲ್ಲೇ ಹೊಲಿದು, ಅಡಿಕೆಯ ಜಾಗಕ್ಕೆ ಕತ್ತರಿ, ಸುಣ್ಣದ ಡಬ್ಬಿಯ ಜಾಗಕ್ಕೆ ಸೀಮೆಸುಣ್ಣ ಕೂರುವ ಹಾಗೆ ಮಾಡಿದ ಚೀಲ. ಕೂತೂ ಕೂತೂ ಮಂಡಿ ಹಿಡಿದುಕೊಂಡವಳಿಗೆ ಸಣ್ಣದೊಂದು ಮಡಿಕೆ ಮೆತ್ತೆ. ಅಷ್ಟೂ ಹೆಂಗಸರ ನೋವು ಯಾವುದು, ಕೊರತೆ ಯಾವುದು ಎಂಬುದು ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕುಳಿತವರಿಗೆ ಗೊತ್ತಿತ್ತು.

ಕೊನೆಗೆ ಉಳಿದವರು ಆ ಇಬ್ಬರು. ಚಿಕ್ಕತಾಯಿ ಮಡಚಿದ ಕೆಂಪು ಫ್ಲಾನಲ್ ತುಂಡೊಂದನ್ನು ಕೆಳಗಿಟ್ಟು ಹಿಂದೆ ಸರಿದಳು. ದೇವೀರಮ್ಮ ಎತ್ತಿಕೊಂಡು ಬಿಡಿಸಿದಳು. ಒಳಗೆ ಹತ್ತು ಸೂಜಿ ಸಾಲಾಗಿ ಚುಚ್ಚಿದ್ದವು. ಹತ್ತಕ್ಕೂ ದಾರ ಪೋಣಿಸಿತ್ತು, ಮೇಣ ಸವರಿತ್ತು, ತುದಿಗೆ ಗಂಟು ಹಾಕಿತ್ತು. ಒಂದು ಹೊತ್ತಿನ ಹೊಲಿಗೆಗೆ ಆಗುವಷ್ಟು.

ದೇವೀರಮ್ಮನ ಮುಖದಲ್ಲಿ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

“ನಂಗೆ ಕಣ್ ಕಾಣಕಿಲ್ಲ ಅಂತ ಎಲ್ರ್ ಮುಂದೂ ಏಳ್ದಂಗಾಯ್ತಲ್ಲಮ್ಮಿ.”

“ನಿನ್ ಗಂಟ್ನಾಗ್ ಏನದೆ ಅಂತ ನಂಗೊತ್ತಿಲ್ವಾ ದೇವೀರಕ್ಕ? ಇಡು ಕೆಳಕ್ಕ.”

ದೇವೀರಮ್ಮ ಸೆರಗಿನ ಗಂಟು ಬಿಚ್ಚಿ ಕೆಳಗಿಟ್ಟದ್ದು ಸೂಜಿ ಚುಚ್ಚದಂತೆ ತೊಡುವ ಒಂದು ಬೆರಳು ಟೋಪಿ. ಮನೆಯವರ ಹಳೆಯ ಬೆಲ್ಟು ಕತ್ತರಿಸಿ, ಒಳಗೆ ಹತ್ತಿ ಬಟ್ಟೆ ಕೊಟ್ಟು ಹೊಲಿದದ್ದು. ಚಿಕ್ಕತಾಯಿ ಹಾಕಿಕೊಳ್ಳಲು ಬಲಗೈ ಚಾಚಿದಾಗಲೇ ನಾನು ಅವಳ ಬೆರಳನ್ನು ನೋಡಿದ್ದು. ತುದಿ ಸೀಳಿ ಕಪ್ಪಾಗಿತ್ತು. ಕಬ್ಬಿನ ಗದ್ದೆಯಲ್ಲಿ ಆದ ಹಳೆಯ ಗಾಯ ಮಾಯುತ್ತಲೇ ಇರಲಿಲ್ಲವಂತೆ. ಸೂಜಿಯನ್ನು ಒತ್ತಿ ತಳ್ಳಲಾಗದೆ ಅವಳ ಹೊಲಿಗೆ ಸಡಿಲವಾಗುತ್ತಿತ್ತು. ಇಷ್ಟು ವರ್ಷ ಪದರ ದಪ್ಪಗಿದ್ದ ಕಡೆಯಲ್ಲೆಲ್ಲ ದೇವೀರಮ್ಮನೇ ಬಾಗಿ ಅವಳ ಸಾಲನ್ನೂ ಹೊಲಿದುಕೊಡುತ್ತಿದ್ದಳು. ದೇವೀರಮ್ಮನಿಗೆ ಹತ್ತಿರದ ಕಣ್ಣು ಮಂಜು. ಹೊಲಿಗೆ ಕೂತಿತೋ ಇಲ್ಲವೋ ಕಾಣದೆ, ಬಿಗಿ ಕೈಗೆ ತಾಕುವವರೆಗೂ ದಾರ ಜಗ್ಗುತ್ತಿದ್ದಳು. ಚಿಕ್ಕತಾಯಿ ಅವಳಿಗೆ ಸೂಜಿ ಪೋಣಿಸಿ ಪೋಣಿಸಿ ಚಾಪೆಯ ಮೇಲಿಡುತ್ತ, ಸಾಕು ಬುಡು, ಕೂತದೆ, ಎಂದು ಹೇಳುತ್ತಿದ್ದಳು. ಅವರ ಹರಟೆ ಎಂದುಕೊಂಡು ನಾನು ಎಷ್ಟೋ ಸಲ ಗದರಿದ್ದೆ. ಮಾತು ನಿಂತದ್ದೇ ಹೊಲಿಗೆ ಕೆಟ್ಟಿತ್ತು. ಸ್ಕೇಲು ಹಿಡಿದು ಅಲ್ಲೇ ಸುಳಿದಾಡುತ್ತಿದ್ದ ನನಗೆ ಇದೊಂದೂ ಕಂಡಿರಲಿಲ್ಲ. ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಚಿಕ್ಕತಾಯಿ ಟೋಪಿ ಹಾಕಿಕೊಂಡ ಬೆರಳನ್ನು ಎತ್ತಿ ಎಲ್ಲರಿಗೂ ತೋರಿಸಿದಳು. “ನೋಡ್ರವ್ವ, ನಂದೂ ಬಯಲಾಯ್ತು,” ಎಂದಳು. ಮೊದಲು ನಕ್ಕವಳು ದೇವೀರಮ್ಮ. ಆಮೇಲೆ ಆ ತಗಡಿನ ಕೆಳಗೆ ಎದ್ದ ನಗು ನನ್ನ ಸೆರಗಿನ ದಿನದ ನಗುವಿಗಿಂತ ದೊಡ್ಡದಾಗಿತ್ತು. ನಾನು ಮಾತ್ರ ಅಳುತ್ತಿದ್ದೆ, ಸಂತೋಷಕ್ಕೆ.

ಬೊಂತೆಯನ್ನು ಪೂರ್ತಿ ಬಿಚ್ಚಿದೆವು. ಟೀ ಚೆಲ್ಲಿದ್ದ ಹಳದಿ ತುಂಡನ್ನು ತೆಗೆದು ಅಲ್ಲಿಗೆ ಹಸಿರು ಹಾಕಿದೆವು. ಹದಿನಾಲ್ಕು ಜನ ಸೂಜಿಗೆ ದಾರ ಪೋಣಿಸಿ ಮೇಣ ಸವರಿ ಕೆಳಗಿಡುತ್ತಾ ಹೋದರು, ನಾಲ್ಕು ಜನ ಹೊಲಿದರು. “ಬುಡು, ಕೂತದೆ,” “ಎಳಿ ವಸಿ,” ಎಂಬ ಮಾತು ಬೆಳಿಗ್ಗೆಯಿಂದ ಸಂಜೆಯವರೆಗೂ ನಿಲ್ಲಲಿಲ್ಲ. ನಾನು ಗದರಲಿಲ್ಲ. ಹತ್ತನೇ ದಿನ ಬೆಳಿಗ್ಗೆ ನಾಲ್ಕು ಸಾಲೂ ನಡುವಿನಲ್ಲಿ ಸೇರಿದವು.

ಆ ವ್ಯಾಪಾರಿ ಹೆಂಗಸು ಬಂದರು. ಬೊಂತೆಯ ಮುಖ ನೋಡಲೇ ಇಲ್ಲ, ತಿರುಗಿಸಿ ಹಿಂಬದಿ ನೋಡಿದರು. ಬಲ್ಲವರು ಹಾಗೆಯೇ ನೋಡುವುದು. ಅಂಗೈ ಆಡಿಸಿದರು, ಮತ್ತೊಮ್ಮೆ ಆಡಿಸಿದರು. ಅಷ್ಟರಲ್ಲಿ ಸೂಪರಿಂಟೆಂಡೆಂಟ್ ಸಾರ್ ಮುಂದೆ ಬಂದು, ಅಂಚಿನವರೆಗೂ ತುಂಬಿದ್ದ ಟೀ ಲೋಟವನ್ನು ಬೊಂತೆಯ ನಡುವಿಗೆ ಇಟ್ಟು ಕೈಬಿಟ್ಟರು. ನನ್ನ ಉಸಿರು ನಿಂತಿತು. ಲೋಟ ನಿಂತಿತು. ಒಂದು ಹನಿ ಅಲುಗಲಿಲ್ಲ. ಅವರು ಬಗ್ಗಿ ಲೋಟ ಎತ್ತಿ, ನಿಧಾನವಾಗಿ ಪೂರ್ತಿ ಕುಡಿದು, ‘ನಲ್ಲಾ ಇರುಕ್ಕು’ ಎಂದರು. ಚೆನ್ನಾಗಿದೆ ಎಂಬ ಮಾತು ಅವರ ಬಾಯಲ್ಲಿ ಇತ್ತೆಂದು ನಮಗೆ ಗೊತ್ತಾದದ್ದೇ ಅವತ್ತು. ವರ್ಷದ ಕೆಲಸ ಖಾಯಂ ಆಯಿತು. ಚಿಕ್ಕತಾಯಿ ಮತ್ತೆಂದೂ ಘಟ್ಟ ಇಳಿಯಲಿಲ್ಲ.

ಆಮೇಲೆ ಎಷ್ಟೋ ಬದಲಾಯಿತು. ಹತ್ತಿ ಸೀರೆ ಹೋಗಿ ಜಾರುವ ನೈಲಾನ್ ಸೀರೆಗಳು ಬಂದವು. ಆಗ ಗುಂಡುಕಲ್ಲುಗಳನ್ನು ಎರಡರಷ್ಟು ಮಾಡಿಕೊಂಡೆವು. ಒಳಗೆ ತುಂಬುವುದಕ್ಕೆ ಹಳೆ ಬಟ್ಟೆಯ ಬದಲು ಸುರುಳಿಯಲ್ಲಿ ಸಿಗುವ ಸಿಂಥೆಟಿಕ್ ಹತ್ತಿಯ ಹಾಳೆ ಬಂತು, ಅದು ಹಗುರ, ಬೆರಳಿಗೂ ಸುಖ. ಈಗ ಹುಡುಗಿಯರು ಬೊಂತೆಯ ಫೋಟೋ ತೆಗೆದು ಫೋನಿನಲ್ಲೇ ಕಳಿಸುತ್ತಾರೆ. ನಾನು ಅದನ್ನು ಬೇಡ ಎಂದವಳಲ್ಲ. ಆದರೆ ಫೋಟೋದಲ್ಲಿ ಹಿಂಬದಿ ಕಾಣುವುದಿಲ್ಲ, ಹೊಲಿದ ಕೈಯೂ ಕಾಣುವುದಿಲ್ಲ. ಆ ದಿನದ ನಂತರ ನಾನು ಸ್ಕೇಲನ್ನು ಬೀರುವಿನಲ್ಲಿಟ್ಟೆ. ಬೆಳಿಗ್ಗೆ ಬಂದಕೂಡಲೇ ಹದಿನೆಂಟು ಜನರ ಬೆರಳು ನೋಡಿ, ಕಣ್ಣು ನೋಡಿ ಆಮೇಲೆ ಕೆಲಸ ಹಂಚುತ್ತಿದ್ದೆ. ನನ್ನ ಕೆಲಸದಲ್ಲಿ ನಾನು ಕಲಿತದ್ದು ಅದು ಒಂದೇ. ಅಷ್ಟರಲ್ಲೇ ಗೆದ್ದೆ.

ಭಾಗ್ಯ, ಡಬ್ಬಿ ಯಾಕೆ ಬೇಡ ಎಂದೆನೆಂದು ಈಗ ತಿಳಿಯಿತಲ್ಲ. ಎಲ್ಲರಿಗೂ ಒಂದೇ ಥರದ್ದು ಕೊಡಬೇಕಾದರೆ ಯಾರನ್ನೂ ನೋಡಬೇಕಾಗಿಲ್ಲ. ಚೀಟಿ ಎತ್ತಿಸು, ಒಂದು ವಾರ ಸಮಯ ಕೊಡು, ತನ್ನ ಚೀಟಿಗೆ ಬಂದವಳು ಹೊಲಿಯುವುದನ್ನು ಪ್ರತಿಯೊಬ್ಬಳೂ ಒಂದು ವಾರ ಸುಮ್ಮನೆ ನೋಡಲಿ. ಏನು ಕೊಡಬೇಕೆಂದು ಆಮೇಲೆ ಯಾರೂ ನಿನ್ನನ್ನು ಕೇಳುವುದಿಲ್ಲ.

ನನ್ನ ನಿವೃತ್ತಿಯ ದಿನ ಶಾಲು ಹೊದಿಸಿ, ಹಾರ ಹಾಕಿ, ಭಾಷಣ ಮಾಡಿದರು. ಶಾಲು ಬೀರುವಿನಲ್ಲಿದೆ. ಎಲ್ಲ ಮುಗಿದ ಮೇಲೆ ದೇವೀರಮ್ಮ, ಚಿಕ್ಕತಾಯಿ ಇಬ್ಬರೂ ಬಂದರು. ಇಬ್ಬರಿಗೂ ತಲೆ ಪೂರ್ತಿ ನರೆತಿತ್ತು. ಅಷ್ಟು ಹೊತ್ತಿಗೆ ನನ್ನ ಕಣ್ಣೂ ಮಂಜಾಗಿತ್ತು, ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದೆ. ನಾನು ಯಾರಿಗೂ ಹೇಳಿರಲಿಲ್ಲ. ಚಿಕ್ಕತಾಯಿಯ ಕೈಯಲ್ಲಿ ಕೆಂಪು ಫ್ಲಾನಲ್ ತುಂಡು ಇತ್ತು. ಕಂಡಕೂಡಲೇ ನಾನು ಎರಡೂ ಕೈ ಮುಂದಕ್ಕೆ ಚಾಚಿದೆ. ಅವಳು ಕೊಡಲಿಲ್ಲ. ಅಷ್ಟು ಜನರ ಮುಂದೆ ನೆಲಕ್ಕೆ ಕುಳಿತು, ನನ್ನ ಕಾಲ ಬಳಿ ಚಾಪೆಯ ಮೇಲಿಟ್ಟಳು.

“ಕೈಗ್ ಕೊಡಕಿಲ್ಲ ಟೀಚರಮ್ಮ. ನಿಮ್ ಜೊತೇಲಿ ನಮ್ಗೆ ಜಗಳ ಬ್ಯಾಡ.”

ಹತ್ತು ಸೂಜಿ, ಹತ್ತಕ್ಕೂ ದಾರ. ಮಂಡಿ ನೋಯುತ್ತಿತ್ತು, ಕೊರಳಿನ ಹಾರ ಅಡ್ಡ ಬರುತ್ತಿತ್ತು. ನಾನು ಬಗ್ಗಿ ಎತ್ತಿಕೊಂಡೆ.